ಅಜ್ಜನವರ ಕೈಗೆ ಬಂದ ಬೆಚ್ಚನೆಯ ಕೂಸು

೧೯೬೨ನೆಯ ಇಸವಿ, ಡಿಸೆಂಬರ್ ಹದಿನೆಂಟು, ಮಂಗಳವಾರ. ಆಕಾಶದಲ್ಲಿ ಮೋಡವಿರಲಿಲ್ಲ. ಮೂರು ದಿನಗಳಿಂದ ಬಡಗಣ ಗಾಳಿ ಬೀಸುತ್ತಿತ್ತು. ಬಿಸಿಲು ಏರಿದ್ದರೂ ನೆಲದ ಕಲ್ಲು ಇನ್ನೂ ಬೆಚ್ಚಗಾಗಿರಲಿಲ್ಲ.

ಕೆಂಚಗಟ್ಟಿಯ ಮಠವೆಂದರೆ ಆಗ ಒಂದು ಪಡಸಾಲೆ, ಒಂದು ಅಡುಗೆಮನೆ, ಪೂಜೆಯ ಒಂದು ಕೋಣೆ, ಅಷ್ಟೆ. ಪಡಸಾಲೆಯ ಕಂಬಕ್ಕೆ ಒರಗಿ ಪೂಜ್ಯ ಶ್ರೀ ಮರುಳಯ್ಯಜ್ಜನವರು ಶಿವದಾರ ಹೊಸೆಯುತ್ತಿದ್ದರು. ಲಿಂಗವನ್ನು ಕೊರಳಿಗೆ ಕಟ್ಟುವ ಆ ದಾರವನ್ನು ಅವರು ಎಂದೂ ಅಂಗಡಿಯಿಂದ ತರಿಸಿದವರಲ್ಲ. ಸುತ್ತಲಿನ ಏಳು ಹಳ್ಳಿಗಳಲ್ಲಿ ಭಕ್ತರ ಮನೆಯಲ್ಲಿ ಕೂಸು ಹುಟ್ಟಿದರೆ ಅದರ ಕೊರಳಿಗೆ ಬೀಳುತ್ತಿದ್ದುದು ಅಜ್ಜನವರು ತಮ್ಮ ತೊಡೆಯ ಮೇಲೆ ಹೊಸೆದ ದಾರವೇ. ಇಪ್ಪತ್ತರ ವಯಸ್ಸಿನಲ್ಲಿ ಪೀಠಕ್ಕೆ ಬಂದ ಮೇಲೆ ನಲವತ್ತು ವರ್ಷ ಇದು ಹೀಗೆಯೇ ನಡೆದಿತ್ತು.

ಹುಟ್ಟಿದ ಸುದ್ದಿ ಬಂದೊಡನೆ ಅಜ್ಜನವರು ಸ್ನಾನ, ಪೂಜೆ ಮುಗಿಸಿಕೊಂಡು ಆ ಮನೆಗೆ ದಯಮಾಡಿಸುತ್ತಿದ್ದರು. ಅವರಿಗೆಂದು ಅಲ್ಲಿ ಹೊಸ ಕಂಬಳಿ ಹಾಸಿರುತ್ತಿತ್ತು. ಅದರ ಮೇಲೆ ಕುಳಿತು, ಕೂಸನ್ನು ಅಂಗೈಯಲ್ಲಿ ತೆಗೆದುಕೊಂಡು, ಹಣೆಗೆ ವಿಭೂತಿ ಹಚ್ಚಿ, ಲಿಂಗ ಕಟ್ಟಿ ಆಶೀರ್ವದಿಸುತ್ತಿದ್ದರು. ಹಾಸಿದ ಕಂಬಳಿ ಕಾಣಿಕೆಯಾಗಿ ಮಠಕ್ಕೆ ಬರುತ್ತಿತ್ತು.

ಆ ಬೆಳಿಗ್ಗೆ ಮಠದ ಮೆಟ್ಟಿಲು ಹತ್ತಿದವರು ನರ್ಸ್ ಮಾರ್ಥಾಬಾಯಿಯವರು. ಸರಕಾರ ಆ ಸೀಮೆಗೆ ಹಾಕಿದ್ದ ನರ್ಸು. ಗದಗಿನ ಕಡೆಯ ಕ್ರೈಸ್ತರು, ಮೂವತ್ತೈದು ದಾಟಿದವರು. ಬಂದು ಮೂರು ವರ್ಷವಾದರೂ ಅಲ್ಲಿಯವರೆಗೆ ಮಠದ ಕಡೆ ತಲೆ ಹಾಕಿರಲಿಲ್ಲ. ಸ್ವಾಮಿಗಳಿರಲಿ, ಪಾದ್ರಿಗಳಿರಲಿ, ಕುಳಿತಲ್ಲಿ ಕುಳಿತು ಕಾಲಿಗೆ ಬೀಳಿಸಿಕೊಳ್ಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಈ ಮಾತನ್ನು ಮುಂದೆ ಅವರೇ ನಗುತ್ತ ಹೇಳುತ್ತಿದ್ದರು. ಈ ಪ್ರಸಂಗವೂ ಅವರ ಬಾಯಿಂದಲೇ ನಮಗೆ ತಿಳಿದದ್ದು.

ಮಠದ ಅಡುಗೆ ನೋಡಿಕೊಳ್ಳುತ್ತಿದ್ದ ಕೊಟ್ರಪ್ಪ ಬಾಗಿಲಲ್ಲೇ ಅವರನ್ನು ತಡೆದ. "ಬಾಯಾರ, ಅಜ್ಜಾರದು ಇನ್ನೂ ಪೂಜಿ ಆಗಿಲ್ರಿ. ಮಧ್ಯಾಹ್ನ ಬರ್ರಿ."

"ನಿಮ್ಮ ಪೂಜಿ ಮುಗೀಲಿ ಅಂತ ಕಾದು ಎರಡು ಕೂಸು ಮಣ್ಣಾಗ ಹೋಗ್ಯಾವು," ಎಂದರು ಮಾರ್ಥಾಬಾಯಿ. "ಸರಿ ಅತ್ತಾಗ."

ದಾರ ಹೊಸೆಯುತ್ತಿದ್ದ ಕೈ ನಿಂತಿತು. ಅಜ್ಜನವರು ತಲೆಯೆತ್ತಿ, "ಒಳಗ ಬಿಡಪ್ಪಾ," ಎಂದರು.

ಬಾಯಿಯವರು ಒಳಗೆ ಬಂದರು. ನಮಸ್ಕಾರ ಮಾಡಲಿಲ್ಲ. ಕೈಯಲ್ಲಿದ್ದ ತಗಡಿನ ಪೆಟ್ಟಿಗೆಯನ್ನು ಕೆಳಗಿಡಲೂ ಇಲ್ಲ.

"ಸ್ವಾಮಿಗಳ, ಹಾಲವ್ವಗ ನಸುಕಿನ್ಯಾಗಿಂದ ಹೆರಿಗಿ ಬ್ಯಾನಿ ಎದ್ದಾವ. ಇದು ಮೂರನೇದು. ಮೊದಲಿನ ಎರಡೂ ಹುಟ್ಟಿದಾಗ ಚಲೋ ಇದ್ದುವು. ನಾನೇ ಹಿಡದೀನಿ. ಒದರಿದ್ದು ಓಣಿಗೆಲ್ಲಾ ಕೇಳತಿತ್ತು. ಎರಡೂ ಮಾರನೇ ದಿನ ಹೋದವು. ಯಾಕ ಹೋದವು ಗೊತ್ತೈತೇನ್ರಿ?"

"ಹೇಳವ್ವಾ."

"ನೀವು ಮುಟ್ಟಬೇಕಲ್ಲ, ಅದಕ್ಕ ಹುಟ್ಟಿದ ಕೂಡ್ಲೇ ಹಸಿ ಕೂಸಿಗೆ ಎರೀತಾರ. ತಲೀಮ್ಯಾಲೆ ತಂಬಿಗಿ ತಂಬಿಗಿ ನೀರು. ಆಮ್ಯಾಲೆ ಮೊರದಾಗ ಒಂದು ಹಳೇ ಸೀರೀ ತುಂಡು ಹಾಕಿ ಮಲಗಸ್ತಾರ. ಲಿಂಗ ಇಲ್ಲದ ಬಾಯಿಗೆ ಹಾಲು ಹಾಕಬಾರದಂತ. ಅದಕ್ಕ ತಾಯಿ ಎದಿಗೂ ಕೊಡಂಗಿಲ್ಲ. ನೀವು ಬರೂತನಕಾ ಅದು ಅಲ್ಲೇ ಬಿದ್ದಿರತೈತಿ. ಹೋದ ಸಲ ಎಷ್ಟು ಹೊತ್ತು ಕಾಯ್ತು ಗೊತ್ತೈತೇನು? ಮೂರು ತಾಸು. ನಾ ಗಡಿಯಾರ ನೋಡ್ಕೋತ ಕುಂತಿದ್ದೆ. ಒದರೂದು ನಿಂತ ಮ್ಯಾಲೆ, 'ನೋಡು ಎಷ್ಟು ಶಾಂತ ಐತಿ, ಗುರುವಿನ ಕೂಸು' ಅಂದ್ಳು ಆಕಿ ಅತ್ತಿ."

ಅಜ್ಜನವರು ದಾರವನ್ನು ಕೆಳಗಿಟ್ಟರು. ಆ ದಿನ ಅವರಿಗೆ ನೆನಪಿತ್ತು. ಹೊಸ ಜೀವಕ್ಕೆ ಲಿಂಗ ಕಟ್ಟುವ ದಿನವೆಂದು ಎಂದಿಗಿಂತ ಸಾವಧಾನದಿಂದ ಪೂಜೆ ಮಾಡಿದ್ದರು.

ಅವರು ಕೇಳಿದರು. "ಯವ್ವಾ, ಹುಟ್ಟಿದ ಕೂಸು ತಣ್ಣಗ ಇರಂಗಿಲ್ಲೇನು?"

ಮಾರ್ಥಾಬಾಯಿಯವರಿಗೆ ಪ್ರಶ್ನೆ ತಕ್ಷಣ ಅರ್ಥವಾಗಲಿಲ್ಲ. ಅಜ್ಜನವರು ತಮ್ಮ ಅಂಗೈಯನ್ನು ನೋಡುತ್ತಿದ್ದರು.

"ನಾ ಸಣ್ಣವಿದ್ದಾಗಿಂದ ಮಠದಾಗ ಬೆಳದಾಂವ. ಕೂಸನ್ನ ಮುಟ್ಟಿದ್ದು ಲಿಂಗ ಕಟ್ಟಾಕ ಹೋದಾಗಷ್ಟೆ. ಎಲ್ಲಾ ತಣ್ಣಗಿದ್ದುವು. ಅವು ಇರೂದೇ ಹಂಗ ಅಂತ ತಿಳದಿದ್ದೆ. ಕೂಸಿನ ಮೈ ಚಂದ್ರನಂಗ ತಂಪಂತ ಶ್ರಾವಣದಾಗ ಪುರಾಣಾನೂ ಹೇಳೀನಿ."

ನಲವತ್ತು ವರ್ಷಗಳಲ್ಲಿ ಅವರ ಕೈಗೆ ನೂರಾರು ಕೂಸುಗಳು ಬಂದಿದ್ದವು. ಒಂದೂ ಬೆಚ್ಚಗೆ ಬಂದಿರಲಿಲ್ಲ.

 ಬಾಯಿಯವರು ಅಷ್ಟಕ್ಕೇ ಬಿಡಲಿಲ್ಲ. "ಹುಟ್ಟಿದ ಕೂಸು ತಾಯಿ ಹೊಟ್ಟಿಯಷ್ಟೇ ಬೆಚ್ಚಗಿರತೈತ್ರಿ. ಬೆಚ್ಚಗೇ ಇಟ್ಟುಕೋಬೇಕು. ಅಷ್ಟು ಮಾಡಿದ್ರ ಎರಡೂ ಉಳೀತಿದ್ದುವು. ಆ ಎರಡು ಜೀವದ ಋಣ ಯಾರು ತೀರಸ್ತಾರ್ರಿ ಸ್ವಾಮಿಗಳ?"

"ನಾ ತೀರಸ್ತೀನಿ," ಎಂದರು ಅಜ್ಜನವರು.

ಸ್ವಾಮಿಗಳ ಮಾತು ಹೀಗೆಯೇ ಇರುತ್ತದೆ ಎಂದುಕೊಂಡರು ಬಾಯಿಯವರು. ಅಷ್ಟರಲ್ಲಿ ಅಜ್ಜನವರು ಎದ್ದು, ಹೊಸೆದ ದಾರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಿದ್ದರು. "ಅಜ್ಜಾರ, ಪೂಜಿ!" ಎಂದು ಕೊಟ್ರಪ್ಪ ಕೂಗಿದ. ಪೂಜೆಯಾಗದೆ ಅವರು ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ ಎಂಬುದು ಅವನ ಚಿಂತೆ. ಅಜ್ಜನವರು ತಿರುಗಿ ನೋಡಲಿಲ್ಲ.

ಹಾಲವ್ವನ ಅತ್ತೆ ಈರವ್ವ ಕೋಣೆಯ ಬಾಗಿಲೆದುರಿಗೇ ಅಂಗಳದಲ್ಲಿ ಮೂರು ಕಲ್ಲಿನ ಒಲೆ ಹೂಡಿ ದೊಡ್ಡ ಹಂಡೆಯಲ್ಲಿ ನೀರು ಕಾಯಲಿಟ್ಟಿದ್ದಳು. ಕೂಸು ಹುಟ್ಟುವ ಮೊದಲೇ ಗುರುಗಳು ಬಾಗಿಲಿಗೆ ಬಂದದ್ದನ್ನು ಕಂಡು ಸೆರಗು ಎಳೆದುಕೊಂಡು ಗಾಬರಿಯಾದಳು. "ಇನ್ನೂ ಏನೂ ಆಗಿಲ್ರಿ ಅಜ್ಜಾರ! ಮನೀ ಸಾರಿಸಿಲ್ಲ, ಕಂಬಳಿ ಬಿಚ್ಚಿಲ್ಲ."

"ಇರಲಿ. ನಾ ಕಟ್ಟೀಮ್ಯಾಲೆ ಕುಂಡರತೀನಿ," ಎಂದು ಅಜ್ಜನವರು ಹೊರಗಿನ ಕಟ್ಟೆಯ ಬರಿಗಲ್ಲಿನ ಮೇಲೆ ಕುಳಿತರು. ಅಲ್ಲಿಂದ ಒಳಗಿನ ಮಾತು ಕೇಳುತ್ತಿತ್ತು. ಎದುರಿಗೆ ಗಾಳಿ ಬಡಿಯುತ್ತಿತ್ತು.

ಮಾರ್ಥಾಬಾಯಿಯವರು ಒಳಗೆ ಹೋಗಿ ಮೊದಲು ಮಾಡಿದ ಕೆಲಸ, ಬಡಗಣ ಕಿಟಕಿಗೆ ಗೋಣಿಚೀಲ ಕಟ್ಟಿಸಿದ್ದು. ಕತ್ತರಿ, ದಾರಗಳನ್ನು ಕುದಿಯಲಿಟ್ಟರು. ಒಗೆದ ಹಳೆಯ ಧೋತರದ ತುಂಡುಗಳನ್ನು ಮಡಿಸಿ, ಈರವ್ವ ಕೂಸಿನ ಜಳಕಕ್ಕೆಂದು ಇಟ್ಟ ಹಂಡೆಯ ಮುಚ್ಚಳದ ಮೇಲೆಯೇ ಬಿಸಿಗಿಟ್ಟರು. ಹಾಲವ್ವ ಮಲಗಿಬಿಟ್ಟಿದ್ದಳು. ಅವಳನ್ನು ಎಬ್ಬಿಸಿ, ತಮ್ಮ ಹೆಗಲಿಗೆ ಅವಳ ಕೈ ಹಾಕಿಸಿಕೊಂಡು, ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆಸಿದರು. ನೋವು ಬಂದಾಗ ನಿಂತು ಸೊಂಟ ತಿಕ್ಕುವರು, ನೋವು ಇಳಿದಾಗ ಎರಡು ಗುಟುಕು ಶುಂಠಿ ಬೆಲ್ಲದ ಕಷಾಯ ಕುಡಿಸುವರು.

"ಬಾಯಾರ, ಇದೂ ಹೋಗತೈತೇನ್ರಿ?" ಎಂದಳು ಹಾಲವ್ವ. ಆ ಹೊತ್ತಿನವರೆಗೆ ಅವಳು ಆಡಿದ ಮಾತು ಅದೊಂದೇ.

"ಹೋಗಾಕ ನಾ ಬಿಡಬೇಕಲ್ಲ. ನಡಿ, ಇನ್ನೊಂದು ಸುತ್ತು. ನಿಮ್ಮ ಅತ್ತಿ ನೋಡು, ಹಂಡೇದಾಗ ನೀರು ಎಷ್ಟು ಹಾಕ್ಯಾಳ, ಎಮ್ಮೀ ಮೈ ತೊಳಿಯೂವಷ್ಟು."

ಹಾಲವ್ವನಿಗೆ ನೋವಿನ ನಡುವೆಯೂ ನಗು ಬಂತು. ಈರವ್ವನಿಗೆ ಬರಲಿಲ್ಲ. "ಏ ಬಾಯಿ, ಆರು ಹಡದೀನಿ ನಾನು, ನಿನ್ನ ಡಬ್ಬಿ ಕತ್ತರಿ ಇಲ್ಲದೇ. ನನಗ ಹೇಳಾಕ ಬರಬ್ಯಾಡ."

"ಆರರಾಗ ಎಷ್ಟು ಉಳದಾವು ಈರವ್ವಾ?"

ಈರವ್ವ ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದಳು. ಆಮೇಲೆ ತನ್ನಷ್ಟಕ್ಕೇ ಎಂಬಂತೆ ಹೇಳಿದಳು. "ಎರಡು."

ಬಾಯಿಯವರು ಮತ್ತೆ ಅವಳನ್ನು ಕೆಣಕಲಿಲ್ಲ. ಬಿಸಿ ಬಟ್ಟೆಯ ಗಂಟನ್ನು ಅವಳ ಕೈಗೆ ಕೊಟ್ಟು, "ಇದನ್ನ ನಿನ್ನ ಎದಿಗೆ ಅವಚಿಕೊಂಡು ನಿಲ್ಲು, ಆರಬಾರದು. ನಾ ಕೇಳಿದ ಕೂಡ್ಲೇ ಕೊಡು," ಎಂದರು.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಕೂಸು ಹುಟ್ಟಿತು. ಹೆಣ್ಣು ಕೂಸು. ಆದರೆ ಅಳಲಿಲ್ಲ. ಕೈಕಾಲು ಒದ್ದೆ ಬಟ್ಟೆಯಂತೆ ಜೋತಿದ್ದವು.

ಹಾಲವ್ವ ಕಣ್ಣು ಮುಚ್ಚಿಕೊಂಡಳು. ಹೊರಗೆ ಕಟ್ಟೆಯ ಮೇಲೆ ಅಜ್ಜನವರು ಎದ್ದು ನಿಂತರು. ಮಾರ್ಥಾಬಾಯಿಯವರು, "ಬಟ್ಟಿ!" ಎಂದರು. ಈರವ್ವ ಕೊಟ್ಟಳು. ಕೂಸಿನ ಬಾಯಿ, ಮೂಗು ಒರೆಸಿ, ಬಿಸಿ ಬಟ್ಟೆಯಿಂದ ತಲೆ, ಬೆನ್ನು, ಅಂಗಾಲು ತಿಕ್ಕಿದರು. ಒದ್ದೆಯಾದ ಬಟ್ಟೆ ಎಸೆದು ಮತ್ತೊಂದು ತೆಗೆದುಕೊಂಡರು. ಮತ್ತೆ ಬೆನ್ನು ತಿಕ್ಕಿದರು. "ಬಾರವ್ವಾ, ಬಾ. ದಾರೀ ನೋಡಾಕ ಹತ್ಯಾರ," ಎಂದು ಸಣ್ಣ ದನಿಯಲ್ಲಿ ಕರೆಯುತ್ತಲೇ ಇದ್ದರು. ಮೂರನೆಯ ಬಟ್ಟೆಯಲ್ಲಿ ಕೂಸು ಒಮ್ಮೆ ಬಿಕ್ಕಿತು. ಆಮೇಲೆ ಅತ್ತಿತು. ನೀಲಿಯಾಗಿದ್ದ ಮುಖ ಎಲ್ಲರೂ ನೋಡುತ್ತಿದ್ದಂತೆ ಕೆಂಪೇರಿತು.

ಅಷ್ಟು ಹೊತ್ತು ಹೇಳಿದಂತೆ ಕೇಳಿದ್ದ ಈರವ್ವ, ಹೊಕ್ಕುಳಬಳ್ಳಿ ಕತ್ತರಿಸಿದ್ದೇ ತಡ, ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಳು. ತಂಬಿಗೆ ಆಗಲೇ ಹಂಡೆಯ ಪಕ್ಕದಲ್ಲಿತ್ತು. "ಕೊಡು ಬಾಯಿ, ಲಗೂನ ಎರೀಬೇಕು. ಅಜ್ಜಾರು ಬಂದು ಕುಂತಾರ."

"ಈರವ್ವಾ."

ಹೊಸ್ತಿಲ ಆಚೆಯಿಂದ ಅಜ್ಜನವರ ದನಿ. ಅವರು ಒಳಗೆ ನೋಡುತ್ತಿರಲಿಲ್ಲ. ಬೆನ್ನು ತಿರುಗಿಸಿ ನಿಂತಿದ್ದರು.

"ಅದಕ್ಕ ನೀರು ಹಾಕಬ್ಯಾಡ. ಹಂಗೇ ಅದರ ತಾಯಿ ಎದೀಮ್ಯಾಲೆ ಹಾಕು. ಹಾಲು ಕುಡೀಲಿ."

"ಲಿಂಗ ಕಟ್ಟಿಲ್ಲಲ್ರಿ ಅಜ್ಜಾರ!"

"ಎಂಟನೇ ತಿಂಗಳದಾಗ ತಾಯಿ ಕೊರಳಿಗೆ ಇದರ ಲಿಂಗ ಕಟ್ಟಿದಾಂವ ನಾನೇ. ಅದು ಇನ್ನೂ ಅಲ್ಲೇ ಐತಿ. ಇದು ಅವತ್ತಿನಿಂದಾನೇ ಗುರುವಿನ ಕೂಸು."

ಗರ್ಭದಲ್ಲಿರುವಾಗಲೇ ಕೂಸಿಗೆಂದು ಇನ್ನೊಂದು ಲಿಂಗವನ್ನು ತಾಯಿಯ ಮೈಮೇಲೆ ಕಟ್ಟುವ ರೂಢಿ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು. ಆದರೆ ಅದನ್ನೂ ಮೊರದಲ್ಲಿ ಮಲಗಿ ಕಾಯುವ ಹಸಿಗೂಸನ್ನೂ ಜೊತೆಗಿಟ್ಟು ಯಾರೂ ಯೋಚಿಸಿರಲಿಲ್ಲ.

ಈರವ್ವ ಬಾಯಿಯವರ ಕೈಯಿಂದ ಕೂಸನ್ನು ತೆಗೆದುಕೊಂಡಳು. "ಆದ್ರೂ ಮೈಲಿಗಿ ಅಲ್ಲೇನ್ರಿ? ಹಿಂತಾ ಮೈ ನೀವು ಹೆಂಗ ಮುಟ್ಟತೀರಿ?"

"ಶರಣರಿಗೆ ಹುಟ್ಟಿನ ಸೂತಕ ಇಲ್ಲಂತ ಪ್ರತಿ ವರ್ಷಾ ನಿಮಗ ಹೇಳಾಂವ ನಾನು. ತೊಳದು ಕೊಡ್ರಿ ಅಂತ ಕೈ ಚಾಚಿ ಕುಂತಾಂವನೂ ನಾನು. ತಪ್ಪು ನಂದವ್ವಾ. ನಿಂದಲ್ಲ."

ಈರವ್ವ ಕೂಸನ್ನು ಹಾಲವ್ವನ ಎದೆಯ ಮೇಲೆ ಹಾಕಿದಳು. ಹಾಕಿ ಅಲ್ಲಿಯೇ ಗೋಡೆಗೆ ಒರಗಿ ಕುಳಿತು ಅತ್ತಳು. ಯಾವ ಕೂಸುಗಳಿಗಾಗಿ ಅತ್ತಳೋ ಬಾಯಿಯವರು ಕೇಳಲಿಲ್ಲ. ಅವರಿಗೆ ಕೆಲಸವಿತ್ತು. ಮಾಸು ಬೀಳುವುದನ್ನು ನೋಡಬೇಕಿತ್ತು, ರಕ್ತಸ್ರಾವ ನೋಡಬೇಕಿತ್ತು, ಬಾಣಂತಿಗೆ ಬಿಸಿ ಗಂಜಿ ಕೊಡಿಸಬೇಕಿತ್ತು. ಕೂಸು ತಾಯಿಯ ಚರ್ಮಕ್ಕೆ ಮೂಗು ಉಜ್ಜುತ್ತ, ತಲೆ ಆಚೀಚೆ ಹೊರಳಿಸುತ್ತ, ಯಾರೂ ದಾರಿ ತೋರಿಸದೆ ಮೊಲೆಯನ್ನು ಹುಡುಕಿಕೊಂಡಿತು.

ಒಂದು ತಾಸಿನ ಮೇಲೆ ಬಾಯಿಯವರು ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹೊಸ್ತಿಲಿಗೆ ತಂದರು. ಅಜ್ಜನವರು ವಿಭೂತಿ ಹಚ್ಚಿದರು. ಬೆಳಿಗ್ಗೆ ಹೊಸೆದ ದಾರದಲ್ಲಿ ಲಿಂಗ ಕಟ್ಟಿದರು. ಆಮೇಲೆ ಬಟ್ಟೆಯ ಅಂಚು ಸರಿಸಿ, ಒಂದು ಬೆರಳನ್ನು ಕೂಸಿನ ಅಂಗಾಲಿಗೆ ಮುಟ್ಟಿಸಿದರು. ಬೆರಳನ್ನು ಬೇಗ ತೆಗೆಯಲಿಲ್ಲ.

"ಹಿಂಗ ಇರತಾವೇನು?" ಎಂದರು.

"ಹಿಂಗೇ ಇರತಾವ್ರಿ," ಎಂದರು ಬಾಯಿಯವರು.

ಈರವ್ವ ಹೊಸ ಕಂಬಳಿ ತಂದು ಹಾಸಲು ಬಂದಳು. ಅಜ್ಜನವರು, "ಇದನ್ನ ಒಳಗ ಒಯ್ದು ಅವರಿಬ್ಬರಿಗೂ ಹೊಚ್ಚು," ಎಂದರು. ಅಲ್ಲಿಯೇ ಕಟ್ಟೆಯ ಮೇಲೆ ತಮ್ಮ ಪೂಜೆ ಮುಗಿಸಿ, ಆ ದಿನದ ಮೊದಲ ನೀರು ಕುಡಿದು ಮಠಕ್ಕೆ ನಡೆದರು.

ಅಂದಿನಿಂದ ಏಳು ಹಳ್ಳಿಗಳಲ್ಲಿ ಗುರುಗಳಿಗಾಗಿ ಹಸಿಗೂಸನ್ನು ತೊಳೆಯುವುದು ನಿಂತಿತು. ಹುಟ್ಟಿದ ಕೂಸು ಮೊದಲು ತಾಯಿಯ ಎದೆಗೆ, ಕಂಬಳಿ ಅವರಿಬ್ಬರ ಮೈಮೇಲೆ, ಲಿಂಗ ಆಮೇಲೆ. ಮಾರ್ಥಾಬಾಯಿಯವರು ಮೂರು ವರ್ಷ ಮನೆಮನೆ ತಿರುಗಿ ಹೇಳಿ ಆಗದ್ದು ಒಂದೇ ಚಳಿಗಾಲದಲ್ಲಿ ಆಯಿತು. ಅಜ್ಜನವರು ಒಳ್ಳೆಯವರು ಎಂದು ಅವರು ಒಪ್ಪಿಕೊಂಡರು. ದಾರಿಯಲ್ಲಿ ಎದುರಾದರೆ ನಿಂತು ಕೈಮುಗಿಯುತ್ತಿದ್ದರು. ಕಾಲಿಗೆ ಮಾತ್ರ ಬೀಳಲಿಲ್ಲ. ಅಜ್ಜನವರೂ ನಗುತ್ತ, "ಬಾಯಾರು ನಮ್ಮ ಗುರುಗಳು, ಅವರು ಯಾಕ ಬೀಳತಾರ?" ಎನ್ನುತ್ತಿದ್ದರು. ಬಾಯಿಯವರಿಗೆ ಅದು ಚೇಷ್ಟೆಯೆಂದೇ ತೋರುತ್ತಿತ್ತು.

ಅಜ್ಜನವರು ಪಡಸಾಲೆಯಲ್ಲಿ ಬರಿಗಲ್ಲಿನ ಮೇಲೆ ಕುಳಿತಿರುತ್ತಿದ್ದುದನ್ನು ಅವರು ಎಷ್ಟೋ ಸಲ ಕಂಡಿದ್ದರು. ಯಾವುದೋ ವ್ರತವಿರಬೇಕು ಎಂದುಕೊಂಡು ಸುಮ್ಮನಾಗಿದ್ದರು.

೧೯೮೧ರ ಡಿಸೆಂಬರಿನಲ್ಲಿ ಅಜ್ಜನವರು ಹಾಸಿಗೆ ಹಿಡಿದರು. ಬಾಯಿಯವರು ಆಗಲೇ ನಿವೃತ್ತರಾಗಿ ಗದಗಿಗೆ ಹೋಗಿದ್ದರು. ಸುದ್ದಿ ತಿಳಿದು ಬಸ್ಸಿನಲ್ಲಿ ಬಂದರು. ಬೆಳಗಿನ ಹೊತ್ತು. ಅಜ್ಜನವರು ಕಲ್ಲಿನ ಮೇಲೆ ಹಾಸಿದ ಚಾಪೆಯ ಮೇಲೆ, ಒಂದು ತೆಳು ಧೋತರ ಹೊದ್ದು ಮಲಗಿದ್ದರು. ಕಣ್ಣು ಮುಚ್ಚಿತ್ತು. ಬಾಯಿಯವರು ರೂಢಿಯಂತೆ ನಾಡಿ ನೋಡಿದರು. ಪಾದ ಮುಟ್ಟಿ ನೋಡಿದರು. ಮೊರದಲ್ಲಿ ಮಲಗಿದ್ದ ಕೂಸುಗಳ ಮೈ ಇದ್ದಷ್ಟೇ ತಣ್ಣಗಿತ್ತು.

"ಕೊಟ್ರಪ್ಪಾ, ಏನು ನೋಡ್ಕೋತ ನಿಂತೀಯೋ? ಒಂದು ಕಂಬಳಿ ತಾ!"

ಕೊಟ್ರಪ್ಪನ ತಲೆ ಆಗ ಪೂರಾ ಬೆಳ್ಳಗಾಗಿತ್ತು. ಅವನು ಅಲುಗಲಿಲ್ಲ. "ಮಠದಾಗ ಕಂಬಳಿ ಇಲ್ರಿ ಬಾಯಾರ."

"ಇಲ್ಲ ಅಂದ್ರ? ಎಷ್ಟು ಮಂದಿ ತಂದು ಕೊಟ್ಟಿಲ್ಲ?"

"ಬಂದುವೆಲ್ಲಾ ಬಾಣಂತೇರ ಮನಿಗೆ ಹೋಗ್ಯಾವು. ಅಜ್ಜಾರು ಕಂಬಳಿ ಮ್ಯಾಲೆ ಕುಂಡರೂದೂ ಇಲ್ಲ, ಹೊಚ್ಚಿಕೊಳ್ಳೂದೂ ಇಲ್ಲ. ಹಾಲವ್ವನ ಮನಿಯಿಂದ ಬಂದ ದಿನಾನೇ ಬಿಟ್ರು. ಇದು ಇಪ್ಪತ್ತನೇ ಚಳಿಗಾಲ. ನಾ ಕಾಲು ಹಿಡಕೊಂಡು ಬೇಡಿಕೊಂಡೆ. 'ಎರಡು ಕೂಸು ಥಂಡಿಯೊಳಗ ಹೋಗ್ಯಾವಲ್ಲೋ, ಆ ಋಣ ಯಾರು ತೀರಸ್ತಾರ ಅಂತ ಬಾಯಾರು ಕೇಳ್ಯಾರ, ನಾ ತೀರಸ್ತೀನಿ ಅಂತ ಹೇಳೀನಿ' ಅಂದ್ರು. ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿದ್ರು."

ಸಿಟ್ಟಿನಲ್ಲಿ ಕೇಳಿದ ಆ ಪ್ರಶ್ನೆಯನ್ನು ಮಾರ್ಥಾಬಾಯಿಯವರು ಯಾವಾಗಲೋ ಮರೆತಿದ್ದರು.

ಅವರು ನೆಲದ ಮೇಲೆ ಕುಳಿತರು. ತಮ್ಮ ಉಣ್ಣೆಯ ಶಾಲು ತೆಗೆದು, ಅಜ್ಜನವರ ಎರಡೂ ಪಾದಗಳನ್ನು ಮಡಿಲಿಗೆ ಎಳೆದುಕೊಂಡು, ಅಂದು ಆ ಕೂಸಿನ ಅಂಗಾಲನ್ನು ತಿಕ್ಕಿದಂತೆಯೇ ತಿಕ್ಕಿ, ಶಾಲಿನಲ್ಲಿ ಸುತ್ತಿದರು. ಬಗ್ಗಿ ಹಣೆಯನ್ನು ಆ ಪಾದಗಳಿಗೆ ಮುಟ್ಟಿಸಿದರು.

"ತೀರಿತ್ರಿ ಅಜ್ಜಾರ," ಎಂದರು. "ಕೇಳಿದಾಕಿ ನಾನೇ ಹೇಳಾಕ ಹತ್ತೀನಿ. ತೀರಿತು."

ಅಜ್ಜನವರು ಕಣ್ಣು ತೆರೆಯಲಿಲ್ಲ. ಆದರೆ ಶಾಲಿನಿಂದ ಪಾದಗಳನ್ನು ಹೊರಗೆ ತೆಗೆಯಲಿಲ್ಲ.